ಎರಡು ರಾಜ್ಯ, ಒಂದು ಎಸ್ಸೆಸ್ಸೆಲ್ಸಿ: ಮಧೂರಿನ ಕನ್ನಡ ಮಾಧ್ಯಮ ವಿದ್ಯಾರ್ಥಿನಿಯೊಬ್ಬಳ ಪ್ರಕರಣ

ಕಾಸರಗೋಡು ನಗರಸಭೆಯ ಎಲ್ಲೆ ದಾಟಿದರೆ ಮಧೂರು ಪಂಚಾಯತು. ಸಿದ್ಧಿವಿನಾಯಕನ ಗುಡಿಯಿಂದಾಗಿ ಹೊರಗಿನವರಿಗೂ ಗೊತ್ತಿರುವ ಊರು. ಪೇಟೆಯಲ್ಲಿ ಕೆಲಸವಿದ್ದು ಪೇಟೆಯ ಬಾಡಿಗೆ ಕೊಡಲಾಗದವರು ಇತ್ತ ಬಂದು ಮನೆ ಕಟ್ಟಿಕೊಂಡ ಮೇಲೆ ಗದ್ದೆಯ ಬದಿಗಳೆಲ್ಲ ಹೊಸ ಮನೆಗಳಿಂದ ತುಂಬಿವೆ. ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲೂ ಕಚೇರಿಯಲ್ಲೂ ಮಲಯಾಳ. ಇಲ್ಲಿನ ಮಗು ಮೂರನ್ನೂ ಬಳಸುತ್ತಲೇ ಬೆಳೆಯುತ್ತದೆ. ತೊಂದರೆ ಶುರುವಾಗುವುದು ಹತ್ತನೇ ತರಗತಿ ಮುಗಿದ ಮೇಲೆ. ಮುಂದೆ ಎಲ್ಲಿ ಓದುವುದು, ಯಾವ ಭಾಷೆಯಲ್ಲಿ ಓದುವುದು, ಯಾವ ರಾಜ್ಯದ ಅರ್ಜಿ ತುಂಬುವುದು ಎಂಬುದನ್ನೆಲ್ಲ ತಂದೆ ತಾಯಿ ಕೆಲವೇ ವಾರಗಳಲ್ಲಿ ತೀರ್ಮಾನಿಸಬೇಕಾಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಪಾಠ ಹೇಳಿ ನಿವೃತ್ತನಾದ ನನ್ನ ಬಳಿಗೆ ಈ ಪ್ರಶ್ನೆ ಹಿಡಿದುಕೊಂಡು ಬರುವವರು ಇದ್ದಾರೆ. ಅವರಲ್ಲಿ ಒಂದು ಕುಟುಂಬದ ಕಥೆಯನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ತಂದೆ ರಿಕ್ಷಾ ಓಡಿಸುವವರು, ತಾಯಿ ಬೀಡಿ ಕಟ್ಟುವವರು, ಮಗಳು ದೊಡ್ಡವಳು, ಮಗ ಅವಳಿಗಿಂತ ಆರು ವರ್ಷ ಚಿಕ್ಕವನು. ಅವರ ಒಪ್ಪಿಗೆಯಿಂದಲೇ ಬರೆದಿದ್ದೇನೆ, ಹೆಸರು ಮಾತ್ರ ಬೇಡವೆಂದರು.

ಹೈಸ್ಕೂಲಿನ ಗಣಿತ

ಹುಡುಗಿ ಒಂದರಿಂದ ಏಳರವರೆಗೆ ಮನೆಗೆ ಹತ್ತಿರದ ಅನುದಾನಿತ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದಳು. ಕೇರಳದ ಲೆಕ್ಕದಲ್ಲಿ ನಾಲ್ಕರವರೆಗೆ ಎಲ್‌ಪಿ, ಏಳರವರೆಗೆ ಯುಪಿ, ಹತ್ತರವರೆಗೆ ಹೈಸ್ಕೂಲು. 2019ರ ಜೂನ್‌ನಲ್ಲಿ ಹೈಸ್ಕೂಲಿಗೆ ಸೇರಿದಳು. ಗಣಿತವೆಂದರೆ ಜೀವ. ಆ ವರ್ಷವೇ ಅವಳ ಕನ್ನಡ ಡಿವಿಷನ್‌ಗೆ ಕನ್ನಡ ಓದಲು, ಬರೆಯಲು ಬಾರದ ಗಣಿತ ಶಿಕ್ಷಕರು ನೇಮಕವಾಗಿ ಬಂದರು.

ಜಿಲ್ಲೆಯ ಮಟ್ಟಿಗೆ ಇದು ಹೊಸತಲ್ಲ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ತಿಳಿಯದವರನ್ನು ನೇಮಿಸಿದ್ದಕ್ಕೆ ಮಕ್ಕಳೂ ಹೆತ್ತವರೂ ಶಾಲೆಯ ಗೇಟಿನ ಮುಂದೆ ಕುಳಿತದ್ದು, ನ್ಯಾಯಾಲಯದ ಮೆಟ್ಟಿಲೇರಿದ್ದು ಇಲ್ಲಿ ಹಲವು ಬಾರಿ ನಡೆದಿದೆ. 2017ರಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾಯಿದೆ ಬಂದಾಗಲೂ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದಿದ್ದರು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸುವುದು ರಾಜ್ಯದ ಹೊಣೆ ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕಾಗದದ ಮೇಲೆ ಸೌಲಭ್ಯ ಇದೆ. ಪಠ್ಯಪುಸ್ತಕ ಕನ್ನಡದಲ್ಲಿದೆ, ಪ್ರಶ್ನೆಪತ್ರಿಕೆ ಕನ್ನಡದಲ್ಲಿದೆ. ತರಗತಿಯೊಳಗೆ ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದು ಬೇರೆಯೇ ವಿಷಯ.

ಆ ವರ್ಷದ ಅವಳ ನೋಟುಪುಸ್ತಕವನ್ನು ನಾನು ನೋಡಿದ್ದೇನೆ. ಎಡಪುಟದಲ್ಲಿ ಬೋರ್ಡಿನ ಲೆಕ್ಕ. ಬಲಪುಟದಲ್ಲಿ ಶಿಕ್ಷಕರು ಹೇಳಿದ ವಿವರಣೆ, ಅದೂ ಕಿವಿಗೆ ಬಿದ್ದ ಮಲಯಾಳವನ್ನು ಹಾಗೆಯೇ ಕನ್ನಡ ಅಕ್ಷರದಲ್ಲಿ ಇಳಿಸಿಕೊಂಡದ್ದು. ಅದರ ಕೆಳಗೆ ಪೆನ್ಸಿಲಿನಲ್ಲಿ, ಮನೆಗೆ ಬಂದು ಪಠ್ಯಪುಸ್ತಕದೊಡನೆ ತಾಳೆ ನೋಡಿ ಬರೆದ ಕನ್ನಡ. ಒಂದೇ ಲೆಕ್ಕವನ್ನು ಮೂರು ಸಲ ಕಲಿತ ಮಗು. ಶಿಕ್ಷಕರು ಕೆಟ್ಟವರಲ್ಲ. ಅವರೂ ಗೆರೆ ಎಳೆದು, ಕೈ ತೋರಿಸಿ, ಆದಷ್ಟು ಸರಳವಾಗಿ ವಿವರಿಸಲು ಹೆಣಗಿದರು. ಆದರೆ ಅದೇ ತರಗತಿಯ ಹಿಂದಿನ ಬೆಂಚುಗಳಲ್ಲಿ ಪೆನ್ಸಿಲಿನ ಮೂರನೇ ಸಾಲು ಬರೆಯುವ ಚೈತನ್ಯವಿಲ್ಲದ ಮಕ್ಕಳೂ ಇದ್ದರು. ಅವರಲ್ಲಿ ಕೆಲವರು ಒಂಬತ್ತಕ್ಕೆ ಇಂಗ್ಲಿಷ್ ಮಾಧ್ಯಮದ ಡಿವಿಷನ್‌ಗೆ ಹೋದರು.

ಇಲ್ಲಿ ಒಂದು ವ್ಯವಸ್ಥೆಯನ್ನು ಹೇಳಲೇಬೇಕು. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ಎಣಿಕೆ ನಡೆಯುತ್ತದೆ. ಆ ಸಂಖ್ಯೆಯ ಮೇಲೆ ಎಷ್ಟು ಡಿವಿಷನ್, ಎಷ್ಟು ಹುದ್ದೆ ಎಂಬುದು ನಿಗದಿಯಾಗುತ್ತದೆ. ಎಲ್‌ಪಿಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ, ಯುಪಿಯಲ್ಲಿ 35ಕ್ಕೆ ಒಬ್ಬ. ಮಕ್ಕಳು ಕಡಿಮೆಯಾದರೆ ಡಿವಿಷನ್ ಬೀಳುತ್ತದೆ, ಡಿವಿಷನ್ ಬಿದ್ದರೆ ಹುದ್ದೆ ಹೋಗುತ್ತದೆ, ಕನ್ನಡ ಬಲ್ಲ ಶಿಕ್ಷಕರು ಹೋದರೆಂದು ಮರುವರ್ಷ ಮತ್ತಷ್ಟು ಮಕ್ಕಳು ಬಿಡುತ್ತಾರೆ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಜೂನ್ ಮೊದಲ ವಾರವೆಂದರೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆಯುವ ವಾರ. ಕನ್ನಡ ಮಾಧ್ಯಮ ಸೊರಗಿದ್ದಕ್ಕೆ ಹೆತ್ತವರ ಇಂಗ್ಲಿಷ್ ಮೋಹವೊಂದೇ ಕಾರಣ ಎನ್ನುವವರು ಈ ಎಣಿಕೆಯ ದಿನ ಯಾವುದಾದರೂ ಶಾಲೆಯ ಕಚೇರಿಯಲ್ಲಿ ಕುಳಿತು ನೋಡಬೇಕು.

2020ರ ಜೂನ್‌ನಿಂದ ಕೋವಿಡ್ ಕಾರಣ ಪಾಠವೆಲ್ಲ ಕೇರಳ ಸರಕಾರದ ಶಿಕ್ಷಣ ವಾಹಿನಿಯಾದ ವಿಕ್ಟರ್ಸ್ ವಾಹಿನಿಗೂ ಮೊಬೈಲಿಗೂ ಬಂತು. ಕನ್ನಡ ಮಾಧ್ಯಮದ ಪಾಠಗಳನ್ನೂ ತಯಾರಿಸಿದರು. ಈ ಹುಡುಗಿಗೆ ಅದರಿಂದ ಒಳ್ಳೆಯದೇ ಆಯಿತು, ಗಣಿತವನ್ನು ಕನ್ನಡದಲ್ಲಿ ಹೇಳುವವರು ಪರದೆಯ ಮೇಲಾದರೂ ಸಿಕ್ಕಿದರು. 2021ರ ನವೆಂಬರ್ 1ಕ್ಕೆ ಶಾಲೆ ಮತ್ತೆ ತೆರೆಯುವಾಗ ಅವಳು ಹತ್ತನೇ ತರಗತಿ. ಪರೀಕ್ಷೆಯಲ್ಲಿ ಒಂದು ವಿಷಯ ಬಿಟ್ಟು ಉಳಿದದ್ದರಲ್ಲೆಲ್ಲ ಎ ಪ್ಲಸ್ ಬಂತು.

2022ರ ಜೂನ್

ಆ ವರ್ಷದ ದಿನಾಂಕಗಳನ್ನು ಗಮನಿಸಿ. ಕರ್ನಾಟಕದ ಎಸ್ಸೆಸ್ಸೆಲ್ಸಿ ಫಲಿತಾಂಶ ಮೇ 19ಕ್ಕೆ ಬಂದಿತ್ತು. ಕೇರಳದ್ದು ಬಂದದ್ದು ಜೂನ್ 15ಕ್ಕೆ. ಇಲ್ಲಿ ತೇರ್ಗಡೆಯಾದವರು ಶೇಕಡಾ 99.26. ಇಷ್ಟು ಮಂದಿ ಪಾಸಾದ ಮೇಲೆ ಪ್ಲಸ್ ವನ್ (ಹನ್ನೊಂದನೇ ತರಗತಿ) ಸೀಟಿಗೆ ನೂಕುನುಗ್ಗಲು ಆಗದೆ ಇರುವುದಿಲ್ಲ, ಅದರಲ್ಲೂ ಮಲಬಾರಿನಲ್ಲಿ ಸೀಟಿನ ಕೊರತೆ ಪ್ರತಿವರ್ಷದ ದೂರು. ಪ್ಲಸ್ ವನ್ ತರಗತಿ ಆ ವರ್ಷ ಶುರುವಾದದ್ದು ಆಗಸ್ಟ್ 25ಕ್ಕೆ. ಮಂಗಳೂರಿನ ಕಾಲೇಜುಗಳಲ್ಲಿ ಅಷ್ಟರಲ್ಲಿ ಪಿಯು ಪಾಠ ಎಷ್ಟೋ ಮುಂದೆ ಹೋಗಿತ್ತು.

ಮಂಗಳೂರಿನಲ್ಲಿ ಸೋದರಮಾವ ಇದ್ದಾರೆ. "ಇಲ್ಲಿ ಪಿಯುಸಿಗೆ ಸೇರಿಸಿ ಭಾವ, ಸಿಇಟಿಗೂ ಅನುಕೂಲ, ಕನ್ನಡವೂ ಉಳಿಯುತ್ತದೆ" ಎಂದು ಅವರು ಮೊದಲಿನಿಂದಲೂ ಹೇಳುತ್ತಿದ್ದರು. ತಂದೆಗೆ ಅದು ಸರಿ ಎನಿಸಿತ್ತು. ಹೋಗಿ ವಿಚಾರಿಸಿದಾಗ ಒಂದೊಂದೇ ತೊಡಕು ಬಿಚ್ಚಿಕೊಂಡಿತು. ಸರಕಾರಿ ಕಾಲೇಜುಗಳಲ್ಲಿ ಅವಳಿಗೆ ಬೇಕಾದ ವಿಜ್ಞಾನ ವಿಭಾಗ ಭರ್ತಿ. ಖಾಸಗಿಯಲ್ಲಿ ಜಾಗವಿದ್ದರೂ ಶುಲ್ಕ ರಿಕ್ಷಾದ ಆದಾಯಕ್ಕೆ ನಿಲುಕದ್ದು. ಕೇರಳದ ಪ್ರಮಾಣಪತ್ರದಲ್ಲಿರುವುದು ಗ್ರೇಡು, ಅಲ್ಲಿ ಕೇಳುವುದು ಶೇಕಡಾವಾರು ಅಂಕ. ಹೊರರಾಜ್ಯದಿಂದ ಬಂದವಳಾದ್ದರಿಂದ ಪಿಯು ಇಲಾಖೆಯ ಅರ್ಹತಾ ಪತ್ರ ಬೇರೆ. ಇಲ್ಲಿನ ಜಾತಿ ಪ್ರಮಾಣಪತ್ರವನ್ನು ಅಲ್ಲಿನ ಹಿಂದುಳಿದ ವರ್ಗದ ಮೀಸಲಾತಿಗೆ ಹಿಡಿಯುವುದಿಲ್ಲ.

ಪ್ರಯಾಣದ ವಿಷಯದಲ್ಲಿ ಮಾತ್ರ ಅವರು ಅಂದುಕೊಂಡಷ್ಟು ಕಷ್ಟವಿರಲಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಬೆಳಗಿನ ರೈಲಿನಲ್ಲಿ ನೂರಾರು ಮಕ್ಕಳು ಹೋಗಿಬರುತ್ತಾರೆ. ಹುಡುಗಿಯರಿಗೆ ಪದವಿಯವರೆಗೂ, ಹುಡುಗರಿಗೆ ಹನ್ನೆರಡನೇ ತರಗತಿಯವರೆಗೂ ರೈಲ್ವೆಯ ಎರಡನೇ ದರ್ಜೆಯ ಸೀಸನ್ ಟಿಕೆಟ್ ಉಚಿತ ಎಂಬುದು ಈ ಕುಟುಂಬಕ್ಕೆ ತಿಳಿದಿರಲಿಲ್ಲ. ನಮ್ಮ ಕಡೆಯ ಬಹಳ ಮಂದಿಗೆ ತಿಳಿದಿಲ್ಲ. (ಮರುವರ್ಷ ಜೂನ್‌ನಲ್ಲಿ ಕರ್ನಾಟಕದಲ್ಲಿ ಶುರುವಾದ, ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಗಿಸಿದ ಶಕ್ತಿ ಯೋಜನೆ ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ನಮ್ಮ ಹುಡುಗಿಯರು ಅದೇ ಬಸ್ಸಿನಲ್ಲಿ ಟಿಕೆಟ್ ಕೊಳ್ಳುತ್ತಾರೆ.) ತಾಯಿಯನ್ನು ಹೆದರಿಸಿದ್ದು ದೂರವಲ್ಲ, ಎರಡು ರಾಜ್ಯಗಳ ಗಡಿಯಾದ ತಲಪಾಡಿ. 2020ರ ಮಾರ್ಚ್‌ನಲ್ಲಿ ಅಲ್ಲಿ ರಸ್ತೆ ಮುಚ್ಚಿದ್ದನ್ನೂ, 2021ರ ಆಗಸ್ಟ್‌ನಲ್ಲಿ ಆರ್‌ಟಿಪಿಸಿಆರ್ ವರದಿ ಇಲ್ಲದ ಮಕ್ಕಳನ್ನು ಗಡಿಯಲ್ಲಿ ತಡೆದದ್ದನ್ನೂ ಅವರು ಮರೆತಿರಲಿಲ್ಲ. "ನಾಳೆ ಪುನಃ ಗೇಟು ಹಾಕಿದರೆ ಮಗಳು ಆಚೆ, ನಾವು ಈಚೆ, ಮಾಷ್ಟ್ರೇ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಪೆರಿಯದ ಸರಕಾರಿ ಪಾಲಿಟೆಕ್ನಿಕ್ ಹೆಸರೂ ಬಂತು. ಅವಳೇ ಬೇಡ ಎಂದಳು.

ನಾನು ಕೇಳಿದ್ದು ಒಂದೇ ಪ್ರಶ್ನೆ: ಓದಿ ಕೊನೆಗೆ ಏನಾಗಬೇಕು? "ಗಣಿತ ಟೀಚರ್, ಕನ್ನಡ ಮಾಧ್ಯಮದಲ್ಲಿ" ಎಂದು ತಡವಿಲ್ಲದೆ ಹೇಳಿದಳು. ಎಂಟನೇ ತರಗತಿಯ ಆ ನೋಟುಪುಸ್ತಕವೇ ಅವಳಿಂದ ಹಾಗೆ ಹೇಳಿಸಿತೆಂದು ನಾನು ನಂಬಿದ್ದೇನೆ. ಉತ್ತರ ಸಿಕ್ಕ ಮೇಲೆ ದಾರಿಯನ್ನು ಹಿಂದುಮುಂದಾಗಿ ಬರೆದೆವು. ಹೈಸ್ಕೂಲು ಗಣಿತ ಶಿಕ್ಷಕ, ಕನ್ನಡ ಮಾಧ್ಯಮ ಎಂಬುದನ್ನು ಕೇರಳ ಲೋಕಸೇವಾ ಆಯೋಗ ಪ್ರತ್ಯೇಕ ಹುದ್ದೆಯಾಗಿಯೇ ಕರೆಯುತ್ತದೆ. ಅದಕ್ಕೆ ಗಣಿತದಲ್ಲಿ ಪದವಿ, ಬಿ.ಎಡ್., ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ ಕೆ-ಟೆಟ್‌ನ ಮೂರನೇ ವರ್ಗ ಬೇಕು. ಕರ್ನಾಟಕದಲ್ಲಿ ಓದಿ ಬಂದರೆ ಇಲ್ಲಿ ತತ್ಸಮಾನ ಪ್ರಮಾಣಪತ್ರಕ್ಕಾಗಿ ಅಲೆದಾಡಬೇಕಾದೀತು. ಇಲ್ಲೇ ಓದಿದರೆ ಆ ಅಲೆದಾಟವಿಲ್ಲ. ಹಾಗಾಗಿ ಪ್ಲಸ್ ವನ್ ಇಲ್ಲೇ ಎಂದಾಯಿತು.

ಉಳಿದದ್ದು ಎರಡನೇ ಭಾಷೆಯ ಪ್ರಶ್ನೆ. ಪ್ಲಸ್ ವನ್‌ನಲ್ಲಿ ಇಂಗ್ಲಿಷ್ ಒಂದನೆಯ ಭಾಗ, ಇನ್ನೊಂದು ಭಾಷೆ ಎರಡನೆಯ ಭಾಗ, ನಾಲ್ಕು ಐಚ್ಛಿಕ ವಿಷಯಗಳು ಮೂರನೆಯ ಭಾಗ. ಎರಡನೆಯದರಲ್ಲಿ ಕನ್ನಡ ಇದೆ, ಆದರೆ ಎಲ್ಲ ಶಾಲೆಯಲ್ಲೂ ಕಲಿಸುವವರಿಲ್ಲ. ಆನ್‌ಲೈನ್ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಸುವಾಗ ಹೆಚ್ಚಿನವರು ಶಾಲೆಯ ಹೆಸರು, ಕೋರ್ಸು ಇಷ್ಟನ್ನೇ ನೋಡುತ್ತಾರೆ. ಅಂಕ ಸುಲಭ ಎಂದು ಯಾರೋ ಹೇಳಿದ ಭಾಷೆಯನ್ನು ತೆಗೆದುಕೊಂಡು ಹತ್ತು ವರ್ಷ ಓದಿದ ಕನ್ನಡವನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಗಡಿನಾಡಿನ ಮಗುವಿನ ಕೈಯಿಂದ ಕನ್ನಡ ಜಾರುವುದು ಕಾಲೇಜಿನಲ್ಲಲ್ಲ, ಈ ಅರ್ಜಿಯಲ್ಲಿ. ಆದ್ದರಿಂದ ಕನ್ನಡ ಇರುವ ಸರಕಾರಿ ಹೈಯರ್ ಸೆಕೆಂಡರಿ ಶಾಲೆಗಳನ್ನು ಮೊದಲು ಪಟ್ಟಿ ಮಾಡಿ, ಅವನ್ನೇ ಮೇಲಿನ ಆಯ್ಕೆಗಳಾಗಿ ಕೊಡಿಸಿದೆ. ಏಕಗವಾಕ್ಷಿ ಪದ್ಧತಿಯಲ್ಲಿ ಅದೇ ಪಂಚಾಯತಿನ ಮಕ್ಕಳಿಗೆ ಬೋನಸ್ ಅಂಕವೂ ಸಿಗುತ್ತದೆ. ಎರಡನೇ ಅಲೋಟ್‌ಮೆಂಟಿನಲ್ಲಿ ವಿಜ್ಞಾನ ಸಿಕ್ಕಿತು, ಎರಡನೇ ಭಾಷೆ ಕನ್ನಡ.

ಪ್ಲಸ್ ವನ್‌ನ ಮೊದಲ ಆರು ತಿಂಗಳು

ನಾವು ಸಂತೋಷಪಟ್ಟು ಮುಗಿಸುವಷ್ಟರಲ್ಲಿ ಮೊದಲ ಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ ಕೆಳಗೆ ಬಿದ್ದಳು. ಪುಸ್ತಕ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ, ಅವಳು ಯೋಚಿಸುವುದು ಕನ್ನಡದಲ್ಲಿ. ಹತ್ತು ವರ್ಷ ಕನ್ನಡದಲ್ಲಿ ಕಲಿತ ವಿಜ್ಞಾನವನ್ನು ಒಂದೇ ತಿಂಗಳಲ್ಲಿ ಬೇರೆ ಭಾಷೆಗೆ ಸಾಗಿಸು ಎಂದರೆ ಹದಿನಾರರ ಮಗು ಏನು ಮಾಡಬೇಕು? ಮನೆಗೆ ಬಂದು ಅತ್ತಳೆಂದು ತಾಯಿ ಹೇಳಿದರು. ಕಾಮರ್ಸ್‌ಗೆ ಬದಲಾಯಿಸೋಣವೇ ಎಂದು ತಂದೆ ಕೇಳಿದರು. ಕನ್ನಡ ಮಾಧ್ಯಮದ ಎಷ್ಟೋ ಜಾಣ ಮಕ್ಕಳು ವಿಜ್ಞಾನ ಬಿಡುವುದು ಈ ತಿಂಗಳುಗಳಲ್ಲೇ. ಆಮೇಲೆ "ಕನ್ನಡ ಮಾಧ್ಯಮದವರಿಗೆ ಸೈನ್ಸ್ ಆಗುವುದಿಲ್ಲ" ಎಂಬ ಮಾತು ಊರಲ್ಲಿ ಹಬ್ಬುತ್ತದೆ. ಆಗದಿರುವುದು ಮಕ್ಕಳಿಂದಲ್ಲ. ಹತ್ತನೇ ತರಗತಿಗೂ ಪ್ಲಸ್ ವನ್‌ಗೂ ನಡುವೆ ಅವರಿಗೆ ನೆರವಾಗುವ ಒಂದು ತಿಂಗಳ ತರಗತಿಯನ್ನು ಯಾರೂ ನಡೆಸುತ್ತಿಲ್ಲ, ಅಷ್ಟೇ.

ಅವಳು ಪಾರಾದದ್ದು ಎರಡು ಕಾರಣದಿಂದ. ಹತ್ತನೇ ತರಗತಿಯ ಕನ್ನಡ ಭೌತಶಾಸ್ತ್ರ ಪುಸ್ತಕವನ್ನು ಅವಳು ಮಾರಲಿಲ್ಲ. ಹೊಸ ಪಾಠ ಬಂದಾಗ ಹಳೆಯದರಲ್ಲಿ ಅದರ ಬೇರು ಹುಡುಕಿ ಓದಿಕೊಂಡು, ಮತ್ತೆ ಇಂಗ್ಲಿಷಿಗೆ ಬರುವ ಅಭ್ಯಾಸ ಮಾಡಿಕೊಂಡಳು. ಎರಡನೆಯ ಕಾರಣ ಪಕ್ಕದ ಬೆಂಚಿನ ಮಲಯಾಳಿ ಗೆಳತಿ. ಅವಳಿಂದ ಇವಳು ಮಲಯಾಳ ಓದಲು ಕಲಿತಳು, ಇವಳಿಂದ ಅವಳು ಗಣಿತ ಹೇಳಿಸಿಕೊಂಡಳು. ಕನ್ನಡದ ಹಕ್ಕಿಗಾಗಿ ಜಗಳವಾಡುವ ನಾನು ಇದನ್ನೂ ಒತ್ತಿ ಹೇಳುತ್ತೇನೆ: ಇಲ್ಲಿ ಬಾಳುವ ಮಗುವಿಗೆ ಮಲಯಾಳ ಓದಲು, ಬರೆಯಲು ಬರಬೇಕು. ವಿಲೇಜ್ ಆಫೀಸಿನ ಅರ್ಜಿಯಿಂದ ಹಿಡಿದು ಕಾಲೇಜಿನ ನೋಟೀಸಿನವರೆಗೆ ಅದಿಲ್ಲದೆ ನಡೆಯುವುದಿಲ್ಲ. ಕಲಿಯುವ ಭಾಷೆಯಾಗಿ ಅದು ಬರಲಿ, ಪಾಠದ ಮಾಧ್ಯಮವಾಗಿ ಅದು ಕನ್ನಡದ ಮಕ್ಕಳ ಮೇಲೆ ಬೀಳುವುದು ಬೇಡ.

2024: ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಪ್ಲಸ್ ಟು ಫಲಿತಾಂಶ 2024ರ ಮೇ 9ಕ್ಕೆ ಬಂತು. ಒಳ್ಳೆಯ ಅಂಕ. ಸೋದರಮಾವ ಮತ್ತೆ ಬಂದು ಕರ್ನಾಟಕದ ಸಿಇಟಿಯ ಗಡಿನಾಡ ಕನ್ನಡಿಗರ ಅವಕಾಶದ ಬಗ್ಗೆ ಹೇಳಿದರು. ಅವಕಾಶ ಇರುವುದು ನಿಜ. ಕಾಸರಗೋಡು, ಮಂಜೇಶ್ವರ, ಹೊಸದುರ್ಗದಂಥ ಗಡಿ ತಾಲೂಕುಗಳಲ್ಲಿ ನೆಲೆಸಿ ಅಲ್ಲೇ ಓದಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಮಕ್ಕಳು ಆ ರಾಜ್ಯದ ವೃತ್ತಿಪರ ಕೋರ್ಸುಗಳ ಸೀಟಿಗೆ ಅರ್ಹರಾಗುತ್ತಾರೆ. ಅದಕ್ಕಾಗಿ ಒಂದು ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. 2024ರಲ್ಲಿ ಅದು ಸಿಇಟಿ ಮುಗಿದ ಮರುದಿನವಿತ್ತು. ಆದರೆ ಸಿಇಟಿ ನಡೆದದ್ದೇ ಏಪ್ರಿಲ್ 18 ಮತ್ತು 19ಕ್ಕೆ. ಅರ್ಜಿ ಕರೆದದ್ದು ಜನವರಿಯಲ್ಲಿ. ಮೇ ತಿಂಗಳಲ್ಲಿ ಆ ಮಾತು ಬಂದಾಗ ಬಾಗಿಲು ಮುಚ್ಚಿ ತಿಂಗಳುಗಳೇ ಕಳೆದಿದ್ದವು. ಅವಳಿಗೆ ಎಂಜಿನಿಯರಿಂಗ್ ಬೇಕಿರಲಿಲ್ಲ ಎಂಬುದು ಬೇರೆ ಮಾತು. ಬೇಕಿದ್ದ ಮಕ್ಕಳು ಅದೇ ತರಗತಿಯಲ್ಲಿದ್ದರು, ಅವರಿಗೂ ಗೊತ್ತಿರಲಿಲ್ಲ. ಕೇರಳದ ಶಾಲೆ ಕರ್ನಾಟಕದ ಪರೀಕ್ಷೆಯ ಸುದ್ದಿ ಹೇಳುವುದಿಲ್ಲ, ಕರ್ನಾಟಕದ ಪ್ರಾಧಿಕಾರ ಕೇರಳದ ಶಾಲೆಗೆ ಪತ್ರ ಬರೆಯುವುದಿಲ್ಲ. ನಮ್ಮ ಮಕ್ಕಳಿಗಾಗಿ ಇಟ್ಟ ಅವಕಾಶದ ಸುದ್ದಿ ನಮ್ಮ ಮಕ್ಕಳಿಗೇ ತಲುಪದಿರುವುದು ಸಂಕಟದ ವಿಷಯ.

ಉಳಿದ ದಾರಿಗಳು ಮೂರು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪದವಿ ಮತ್ತು ಬಿ.ಎಡ್. ಎರಡೂ ಸೇರಿದ ನಾಲ್ಕು ವರ್ಷದ ಕೋರ್ಸಿದೆ. ಅದರ ಪ್ರವೇಶ ಪರೀಕ್ಷೆ ಎನ್‌ಸಿಇಟಿಯನ್ನು ಕನ್ನಡದಲ್ಲೂ ಬರೆಯಬಹುದು. 2009ರಿಂದ ನಮ್ಮ ಜಿಲ್ಲೆಯಲ್ಲೇ ಇರುವ ಈ ವಿಶ್ವವಿದ್ಯಾಲಯ ಮಧೂರಿನ ಮನೆಗಳಿಗೆ ಇನ್ನೂ ದೂರದ್ದೇ. ಇದರ ಅರ್ಜಿಯ ಗಡುವೂ ಪ್ಲಸ್ ಟು ಫಲಿತಾಂಶಕ್ಕೆ ಮೊದಲೇ ಮುಗಿದಿತ್ತು. ಎರಡನೆಯದು ಮಂಗಳೂರು ವಿಶ್ವವಿದ್ಯಾಲಯದ ಯಾವುದಾದರೂ ಕಾಲೇಜು. ಕರ್ನಾಟಕ ಆ ಮೇ ತಿಂಗಳಲ್ಲಷ್ಟೇ ನಾಲ್ಕು ವರ್ಷದ ಪದವಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತ್ತು. ಮೂರನೆಯದು ಕಾಸರಗೋಡಿನ ವಿದ್ಯಾನಗರದ ಸರಕಾರಿ ಕಾಲೇಜು. 1957ರಲ್ಲಿ, ಅಂದರೆ ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷ ಶುರುವಾದದ್ದು. ಈಗ ಕಣ್ಣೂರು ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಅಲ್ಲಿ ಗಣಿತವೂ ಇದೆ, ಕನ್ನಡದಲ್ಲಿ ಎಂ.ಎ.ವರೆಗೂ ಓದಬಹುದು. ಕೇರಳದಲ್ಲಿ 2024ರ ಜುಲೈ 1ರಿಂದ ನಾಲ್ಕು ವರ್ಷದ ಪದವಿ ಜಾರಿಗೆ ಬಂತು, ಮೂರು ವರ್ಷಕ್ಕೆ ಪದವಿ ಪಡೆದು ಹೊರಬರುವ ಅವಕಾಶವೂ ಇದೆ. ಒಂದೇ ಬೇಸಿಗೆಯಲ್ಲಿ ಒಂದು ರಾಜ್ಯ ನಾಲ್ಕರಿಂದ ಮೂರಕ್ಕೆ, ಇನ್ನೊಂದು ಮೂರರಿಂದ ನಾಲ್ಕಕ್ಕೆ ಹೋದಾಗ ಆ ರಿಕ್ಷಾ ಚಾಲಕರು ಯಾರನ್ನು ಕೇಳಬೇಕು?

ವಿದ್ಯಾನಗರ ಮನೆಯಿಂದ ಒಂದು ಬಸ್ಸಿನ ದಾರಿ. ಅರ್ಜಿ ಹಾಕಿದಳು, ಗಣಿತ ಸಿಕ್ಕಿತು, ಭಾಷೆಯಾಗಿ ಕನ್ನಡವನ್ನೇ ತೆಗೆದುಕೊಂಡಳು. ಮೂರು ವರ್ಷಕ್ಕೆ ಹೊರಬಂದು ಬಿ.ಎಡ್. ಮಾಡುವುದು ಈಗಿನ ಯೋಚನೆ. ಕೆ-ಟೆಟ್‌ನ ಹಳೆಯ ಪ್ರಶ್ನೆಪತ್ರಿಕೆಗಳನ್ನು ಒಯ್ದಿದ್ದಾಳೆ. ರಜೆಯಲ್ಲಿ ನೆರೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ, ಕನ್ನಡದಲ್ಲಿ.

ಈ ಪ್ರಕರಣದಿಂದ ನಾನು ನಮ್ಮ ಶಾಲೆಗಳ ರಕ್ಷಕ ಶಿಕ್ಷಕ ಸಂಘಗಳಲ್ಲಿ ಕೇಳುತ್ತಿರುವುದು ದೊಡ್ಡದೇನಲ್ಲ. ಹತ್ತನೇ ತರಗತಿಯ ಹೆತ್ತವರ ಸಭೆಯನ್ನು ಫಲಿತಾಂಶದ ನಂತರ ಕರೆಯುವ ಬದಲು ಜನವರಿಯಲ್ಲೇ ಕರೆಯಿರಿ. ಕನ್ನಡ ಎರಡನೇ ಭಾಷೆಯಾಗಿರುವ ಹೈಯರ್ ಸೆಕೆಂಡರಿ ಶಾಲೆಗಳ ಪಟ್ಟಿಯನ್ನು ಅವರ ಕೈಗೆ ಕೊಡಿ. ಪ್ಲಸ್ ಟು ಮಕ್ಕಳಿಗೆ ಡಿಸೆಂಬರಿನಲ್ಲೇ ಎರಡೂ ರಾಜ್ಯದ ಪ್ರವೇಶ ಪರೀಕ್ಷೆಗಳ ಅರ್ಜಿಯ ಬಗ್ಗೆ ಹೇಳಿ, ಗಡಿನಾಡ ಕನ್ನಡಿಗರ ಅವಕಾಶಕ್ಕೆ ಬೇಕಾದ ವ್ಯಾಸಂಗ ಪತ್ರ, ವಾಸ್ತವ್ಯದ ಪತ್ರಗಳನ್ನು ಆಗಲೇ ಮಾಡಿಸಿ. ಮಾಯಿಪ್ಪಾಡಿಯ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ ಡಯಟ್‌ನಲ್ಲಿ ಕನ್ನಡದಲ್ಲೇ ಶಿಕ್ಷಕ ತರಬೇತಿ ಪಡೆಯಬಹುದೆಂದು ಪ್ಲಸ್ ಟು ಮುಗಿಸುವ ಪ್ರತಿ ಮಗುವಿಗೂ ತಿಳಿಸಿ. ಬೇಸಿಗೆ ರಜೆಯಲ್ಲಿ ಇಂಗ್ಲಿಷ್ ವಿಜ್ಞಾನ ಪದಗಳ ಒಂದು ತಿಂಗಳ ತರಗತಿ ನಡೆಸಲು ನಿವೃತ್ತರಾದ ನಮ್ಮಂಥವರು ಸಿದ್ಧರಿದ್ದೇವೆ, ಕೊಠಡಿಯೊಂದು ಕೊಟ್ಟರೆ ಸಾಕು.

ತಮ್ಮನನ್ನು ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಬೇಕೆಂದು ತಾಯಿಗೆ ಬಹಳ ಆಸೆಯಿತ್ತು. ಮಗಳು ಪಟ್ಟ ಕಷ್ಟ ಕಣ್ಣೆದುರಿಗೆ ಇರುವಾಗ ಆ ಆಸೆಯನ್ನು ತಪ್ಪೆನ್ನಲು ನನಗೆ ಮನಸ್ಸು ಬರಲಿಲ್ಲ. ಶಾಲೆ ತೆರೆಯುವ ಮೊದಲು ಅಕ್ಕನೇ ಹೋಗಿ ಆ ವರ್ಷ ಕನ್ನಡ ಡಿವಿಷನ್‌ಗೆ ಗಣಿತ ಯಾರು, ವಿಜ್ಞಾನ ಯಾರು, ಅವರಿಗೆ ಕನ್ನಡ ಬರುತ್ತದೆಯೇ ಎಂದು ವಿಚಾರಿಸಿಕೊಂಡು ಬಂದಳು. ಬರುತ್ತದೆ ಎಂದು ತಿಳಿಯಿತು. ಆರನೆಯ ಕೆಲಸದ ದಿನದ ಎಣಿಕೆಯಲ್ಲಿ ತಮ್ಮ ಕನ್ನಡ ಡಿವಿಷನ್‌ನಲ್ಲೇ ಇದ್ದ.